ಎರಡು ಬೆರಳಿನ ಅಳತೆ

ಬೆಳಿಗ್ಗೆ ಐದೂಮುಕ್ಕಾಲು. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಜನರೇಟರಿಗೂ ನಡುವೆ ಸಿಕ್ಕಿಕೊಂಡ ಒಂದಂತಸ್ತಿನ ಕಟ್ಟಡದ ಬೀಗವನ್ನು ಅಕ್ಕ ತೆಗೆಯುತ್ತಾರೆ. ಮೊದಲು ಎಕ್ಸಾಸ್ಟ್ ಫ್ಯಾನು, ಆಮೇಲೆ ದೀಪ. ಈ ಕ್ರಮ ತಪ್ಪುವುದಿಲ್ಲ. ಮುಚ್ಚಿಟ್ಟ ಗಾಳಿ ಮೊದಲು ಹೊರಗೆ ಹೋಗಲಿ, ನೋಡುವುದು ಹೇಗೂ ಇದ್ದೇ ಇದೆ ಎನ್ನುತ್ತಾರೆ. ಚಪ್ಪಲಿ ಬಿಟ್ಟು ರಬ್ಬರ್ ಬೂಟು ಹಾಕಿಕೊಂಡು, ಪ್ಲಾಸ್ಟಿಕ್ ಏಪ್ರನ್ನಿನ ದಾರವನ್ನು ಬೆನ್ನ ಹಿಂದೆ ಬಿಗಿದು, ನಲ್ಲಿಗೆ ಪೈಪು ಸಿಕ್ಕಿಸುತ್ತಾರೆ.

ಸ್ಟೀಲ್ ಮೇಜಿನ ಮೇಲೆ ಇಪ್ಪತ್ತೊಂದು ವರ್ಷದ ಹುಡುಗ ಮಲಗಿದ್ದಾನೆ. ನಿನ್ನೆ ಸಂಜೆ ಮೈದಾನದಲ್ಲಿ ಓಡುತ್ತಿದ್ದವನು ನಾಲ್ಕನೇ ಸುತ್ತಿನಲ್ಲಿ ಕುಸಿದ. ಮುಂದಿನ ತಿಂಗಳು ಅಗ್ನಿಶಾಮಕ ದಳದ ಓಟದ ಪರೀಕ್ಷೆ ಇತ್ತು. ಮಂಡಿಗೆ ಮೆತ್ತಿದ ಮೈದಾನದ ಮಣ್ಣು ಹಾಗೇ ಇದೆ. ಅಕ್ಕ ಅವನ ಭುಜದ ಕೆಳಗೆ ಕೈ ಹಾಕಿ ಮಗ್ಗುಲು ತಿರುಗಿಸುತ್ತಾರೆ. "ಸ್ವಲ್ಪ ಆ ಕಡೆ ಸರಿಯಪ್ಪ, ನೀರು ಹಾಕ್ತೀನಿ. ತಣ್ಣಗಿದೆ ನೋಡು, ಬೇಜಾರು ಮಾಡ್ಕೋಬೇಡ," ಎನ್ನುತ್ತಾರೆ. ಇಪ್ಪತ್ತೇಳು ವರ್ಷದಿಂದ ಹೀಗೆ ಮಾತಾಡಿಕೊಂಡೇ ತೊಳೆದಿದ್ದಾರೆ. ಉತ್ತರ ಬರುವುದಿಲ್ಲ ಎಂಬುದು ಅವರಿಗೂ ಗೊತ್ತು, ಕೇಳಿಸಿಕೊಂಡವರು ನಗುತ್ತಾರೆ ಎಂಬುದೂ ಗೊತ್ತು.

ಹೊರಗೆ ಸಿಮೆಂಟ್ ಬೆಂಚಿನ ಮೇಲೆ ಹುಡುಗನ ಅಪ್ಪ ಕೂತಿದ್ದಾರೆ. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರಲ್ಲಿ ಮಗನ ಓಟದ ಶೂ. ಮೂರನೇ ಸುತ್ತು ಮುಗಿದಾಗ ಓಟ ಕಲಿಸುವ ಕೋಚ್ ಹುಡುಗನಿಗೆ ಬಾಟಲಿಯಿಂದ ಏನನ್ನೋ ಕುಡಿಸಿದ್ದನಂತೆ. ಆ ಕೋಚ್ ಈಗ ಪೊಲೀಸ್ ಠಾಣೆಯಲ್ಲಿದ್ದಾನೆ. ಅವನು ಏನು ಕುಡಿಸಿದ ಎಂಬ ಮಾತು ಬೆಳಗಾಗುವುದರೊಳಗೆ ಊರೆಲ್ಲ ಸುತ್ತಿ ಬಂದಿದೆ. ಆ ಮಾತಿಗೆ ಹೌದೆನ್ನುವುದೋ ಇಲ್ಲವೆನ್ನುವುದೋ ಈ ಮೇಜಿನ ಮೇಲೆ ತೀರ್ಮಾನ ಆಗಬೇಕು.

ಅಕ್ಕನ ನಿಜವಾದ ಹೆಸರು ಹೇಳಿದರೆ ಇಡೀ ಆಸ್ಪತ್ರೆಯಲ್ಲಿ ನಾಲ್ಕು ಜನಕ್ಕೂ ಗೊತ್ತಾಗಲಿಕ್ಕಿಲ್ಲ. 'ಗುಂಡಿಗೆಯಕ್ಕ' ಎಂದರೆ ಕ್ಯಾಂಟೀನಿನವನೂ ಹಿಂದುಗಡೆಗೆ ಕೈ ತೋರಿಸುತ್ತಾನೆ. ಶವಪರೀಕ್ಷೆಯಲ್ಲಿ ಡಾಕ್ಟರಿಗೆ ನೆರವಾಗುವುದು ಅವರ ಕೆಲಸ. ತೊಳೆಯುವುದು, ತೆರೆಯುವುದು, ಎತ್ತಿ ಕೊಡುವುದು, ಕೊನೆಗೆ ಹೊಲಿದು ಬಟ್ಟೆ ಹೊದಿಸಿ ಮನೆಯವರಿಗೆ ಒಪ್ಪಿಸುವುದು. ಗುಂಡಿಗೆಯ ವಿಷಯದಲ್ಲಿ ಮಾತ್ರ ಯಾರನ್ನೂ ಅವಸರ ಮಾಡಲು ಬಿಡುವುದಿಲ್ಲ, ಡಾಕ್ಟರಾದರೂ ಸರಿಯೇ. ಹೆಸರು ಬಂದದ್ದು ಹಾಗೆ.

ಪತ್ರಿಕೆಗೆ ಬರೆಯುತ್ತೇವೆ ಎಂದು ಹೋದವರನ್ನು ಎರಡು ವಾರ ಬಾಗಿಲಲ್ಲೇ ನಿಲ್ಲಿಸಿದ್ದರು. ಮೂರನೇ ವಾರ ತಾವೇ ಕರೆದು ಒಂದು ಷರತ್ತು ಹಾಕಿದ್ದಾರೆ. "ಏನು ಬೇಕಾದ್ರೂ ಬರ್ಕೊಳ್ಳಿ. ಕೊನೇಲಿ ನಾನೊಂದು ಮಾತು ಹೇಳ್ತೀನಿ. ಅದನ್ನ ಒಂದಕ್ಷರ ಬದಲಾಯಿಸದೆ ಹಾಕ್ಬೇಕು. ಸೇವೆ, ತ್ಯಾಗ ಅಂತೆಲ್ಲ ಹಚ್ಚಬೇಡಿ, ನನಗೆ ಮೈ ಉರಿಯುತ್ತೆ." ಈ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಇನ್ನು ಹದಿನೇಳು ದಿನ ಉಳಿದಿದೆ.

ಗಂಡ ಇದೇ ಕಟ್ಟಡದ ಕಾವಲುಗಾರರಾಗಿದ್ದರು. ಅವರು ತೀರಿಹೋದಾಗ ಅಕ್ಕನಿಗೆ ಮೂವತ್ತೆರಡು ವರ್ಷ, ಮಗಳಿಗೆ ಒಂದು. ಗಂಡನ ಜಾಗದಲ್ಲಿ ಕೆಲಸ ಕೊಟ್ಟರು, ಆದರೆ ಬಾಗಿಲ ಹೊರಗಲ್ಲ, ಒಳಗೆ. ಮೊದಲ ದಿನ ಒಂದು ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತಿದ್ದರಂತೆ. ಆಗಿದ್ದ ಹಿರಿಯ ಕೆಲಸಗಾರ, "ಕಣ್ಣು ಮುಚ್ಚಿದ್ರೆ ವಾಸನೆ ಜಾಸ್ತಿ ಬರುತ್ತಮ್ಮ, ಬಿಟ್ಕೊಂಡಿರು," ಎಂದು ಬುದ್ಧಿ ಹೇಳಿದ. ಆ ಮಾತು ನಿಜ ಎಂದು ಅಕ್ಕ ಇವತ್ತಿಗೂ ಪ್ರಮಾಣ ಮಾಡುತ್ತಾರೆ.

ಬೀದಿಯಲ್ಲಿ ಯಾರಾದರೂ ಏನು ಕೆಲಸ ಎಂದರೆ, "ಆಸ್ಪತ್ರೇಲಿ ಹೊಲಿಗೆ ಕೆಲಸ," ಎಂದು ಹೇಳಿ ಜಾರಿಕೊಳ್ಳುತ್ತಿದ್ದರು. ಪಕ್ಕದ ಮನೆಯಾಕೆ ಒಂದು ದಿನ ಮಗಳ ಮದುವೆಗೆಂದು ಬಟ್ಟೆ ಮತ್ತು ಅಳತೆಯ ಚೀಟಿ ತಂದು ಕೈಗಿಟ್ಟೇಬಿಟ್ಟರು. "ಆಗಲ್ಲ ಅಂದ್ರೆ ಯಾಕೆ ಅಂತ ಹೇಳ್ಬೇಕು. ಹೇಳಿದ್ರೆ ಬೀದಿ ಬಿಡ್ಬೇಕು. ಮೂರು ರಾತ್ರಿ ಕೂತು ಹೊಲಿದುಕೊಟ್ಟೆ. ಚೆನ್ನಾಗೇ ಬಂತು," ಎಂದು ನಗುತ್ತಾರೆ. ಮನೆಯಲ್ಲಿ ನಗು ಇರಲಿಲ್ಲ. ಹೇಗೋ ಗೊತ್ತಾದ ಮೇಲೆ ಮಗಳು ತಲೆ ಬಾಚಿಸಿಕೊಳ್ಳಲು ಅಜ್ಜಿಯ ಹತ್ತಿರ ಹೋಗತೊಡಗಿದಳು. ಅಮ್ಮನ ಕೈ ತಲೆಗೆ ತಾಗುವುದು ಬೇಡವಾಗಿತ್ತು. "ಅವಳ ತಪ್ಪಿಲ್ಲ ಬಿಡಿ. ಕೈ ಅಂದ್ರೆ ಹಾಗೇ. ಒಂದ್ಸಲ ಅನುಮಾನ ಬಂದ್ರೆ ಮುಗೀತು," ಎನ್ನುವಾಗ ಅಕ್ಕ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ.

ದಿನಕ್ಕೆ ಮೂರು, ಕೆಲವು ದಿನ ಐದು. ಬಸ್ಸು ಉರುಳಿದ ವರ್ಷ ಒಂದೇ ದಿನ ಹದಿನಾಲ್ಕು. ರಿಜಿಸ್ಟರಿನ ಪ್ರಕಾರ ಇಪ್ಪತ್ತು ಸಾವಿರ ದಾಟಿದೆ. ಅಕ್ಕ ಲೆಕ್ಕ ಇಟ್ಟಿರುವುದು ಬೇರೆಯದಕ್ಕೆ. ಕಪಾಟಿನಲ್ಲಿ ಕೈಗವಸಿನ ಡಬ್ಬಿಯ ಕೆಳಗೆ ಶಾಲೆ ಮಕ್ಕಳ ಗೆರೆಯ ನೋಟ್‌ಬುಕ್ ಒಂದಿದೆ. ಪುಟಕ್ಕೊಂದು ಗುಂಡಿಗೆಯ ಚಿತ್ರ, ಸೀಸದಕಡ್ಡಿಯಲ್ಲಿ ಬರೆದದ್ದು. ಮೊದಲ ಪುಟದ್ದು ಮಾವಿನಕಾಯಿಯಂತಿದೆ, ಬರುಬರುತ್ತ ಕೈ ಪಳಗಿದೆ. ಹೆಸರಿಲ್ಲ, ವಯಸ್ಸು ಮಾತ್ರ. ಹದಿನೆಂಟು. ಮೂವತ್ತೊಂದು. ಹನ್ನೆರಡು. ಚೆನ್ನಾಗಿದ್ದವರು ನಿಂತಲ್ಲೇ ಬಿದ್ದು ಹೋದದ್ದಕ್ಕೆ ಗುಂಡಿಗೆಯ ರಕ್ತನಾಳದಲ್ಲಿ ಅಪರೂಪದ ಕಾರಣ ಸಿಕ್ಕಾಗಲೆಲ್ಲ ಒಂದು ಪುಟ. ಹದಿಮೂರು ವರ್ಷಕ್ಕೆ ಮೂವತ್ತೊಂದು ಪುಟ ತುಂಬಿವೆ.

ಗುಂಡಿಗೆ ಊರಿಗೆಲ್ಲ ರಕ್ತ ಹಂಚುತ್ತದಲ್ಲ, ತನಗೆ ಬೇಕಾದ್ದನ್ನು ಎಲ್ಲಿಂದ ತೆಗೆದುಕೊಳ್ಳುತ್ತದೆ? ಅಕ್ಕನಿಗೆ ಇದನ್ನು ವಿವರಿಸುವುದೆಂದರೆ ಇಷ್ಟ. ಅದರ ನೆತ್ತಿಯಿಂದ ಹೊರಡುವ ದೊಡ್ಡ ರಕ್ತನಾಳದ ಬುಡದಲ್ಲೇ, ಒಳಗೋಡೆಗೆ, ಮೆಣಸಿನ ಕಾಳಿನಷ್ಟು ಅಗಲದ ಎರಡು ಬಾಯಿಗಳಿರುತ್ತವೆ. ಎಡಕ್ಕೊಂದು, ಬಲಕ್ಕೊಂದು. ಅಲ್ಲಿಂದ ಹೊರಟ ಎರಡು ಕೊಳವೆಗಳೇ ಗುಂಡಿಗೆಯ ಊಟ. ಐವತ್ತು ದಾಟಿದವರಲ್ಲಿ ಅವು ಕೊಬ್ಬು ಕಟ್ಟಿಕೊಂಡು ಮುಚ್ಚುವುದು ಎಲ್ಲರಿಗೂ ಗೊತ್ತಿರುವ ಕಥೆ. ಅಕ್ಕನ ನೋಟ್‌ಬುಕ್ಕಿನವರದು ಬೇರೆ ಕಥೆ. ಹೆರಿಗೆಯಾಗಿ ಹತ್ತೇ ದಿನವಾದ ತಾಯಿಯ ಕೊಳವೆಯ ಒಳಪದರ ತಾನಾಗಿ ಸೀಳಿ ದಾರಿ ಮುಚ್ಚಿತ್ತು. ಹನ್ನೆರಡರ ಹುಡುಗನಿಗೆ ಚಿಕ್ಕಂದಿನಲ್ಲಿ ಬಂದುಹೋದ ಯಾವುದೋ ಜ್ವರ ಕೊಳವೆಯನ್ನು ಮಣಿಸರದ ಹಾಗೆ ಉಬ್ಬಿಸಿಟ್ಟು ಹೋಗಿತ್ತು. ಯಾರಿಗೂ ಮೊದಲೇ ಗೊತ್ತಿರಲಿಲ್ಲ, ಅವರಿಗೂ.

ಎಂಟೂವರೆಗೆ ಡಾಕ್ಟರಮ್ಮ ಬರುತ್ತಾರೆ. ಹದಿಮೂರು ವರ್ಷದಿಂದ ಇವರೇ ಇಲ್ಲಿಯ ಮುಖ್ಯಸ್ಥೆ. ಈಗ ಗುಂಡಿಗೆಯನ್ನು ಹೊರತೆಗೆಯುವ ಹೊತ್ತು. ದೊಡ್ಡ ರಕ್ತನಾಳ ಗುಂಡಿಗೆಯಿಂದ ಹೊರಡುವ ಬುಡದ ಮೇಲೆ ಅಕ್ಕ ಎರಡು ಬೆರಳು ಅಡ್ಡ ಇಡುತ್ತಾರೆ. "ಎರಡು ಬೆರಳು," ಎಂದು ಗಟ್ಟಿಯಾಗಿ ಹೇಳುತ್ತಾರೆ. ಚಾಕು ಹಿಡಿದ ಡಾಕ್ಟರಮ್ಮ, "ಎರಡು ಬೆರಳು," ಎಂದು ಮರುನುಡಿಯುತ್ತಾರೆ. ಬೆರಳುಗಳ ಮೇಲ್ಗಡೆಯಷ್ಟೇ ಚಾಕು ಆಡುತ್ತದೆ. ಈ ಕೋಣೆಯಲ್ಲಿ ಇದು ಕಟ್ಟಳೆ. ಕಲಿಯಲು ಬರುವ ಹೊಸ ಡಾಕ್ಟರುಗಳು ಮೊದಲ ದಿನ ಮುಸಿಮುಸಿ ನಗುತ್ತಾರೆ. ಬಾಯಿಬಿಟ್ಟು ಹೇಳುವವರೆಗೂ ಅಕ್ಕ ಬೆರಳು ತೆಗೆಯುವುದಿಲ್ಲ.

ಹುಡುಗನ ಗುಂಡಿಗೆಯನ್ನು ತೊಳೆದು, ನಾಳದ ಬುಡವನ್ನು ಬಿಡಿಸಿ, ಅಕ್ಕ ಮೊಂಡು ತುದಿಯ ತೆಳ್ಳನೆ ಕಡ್ಡಿಯನ್ನು ಕೊಡುತ್ತಾರೆ. ಬಲಗಡೆಯ ಬಾಯಿ ಸಿಗುತ್ತದೆ. ಎಡಗಡೆ ಇರಬೇಕಾದಲ್ಲಿ ನುಣ್ಣನೆ ಗೋಡೆ. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಎಡದ ಬಾಯಿಯೂ ಬಲಗಡೆಗೇ ಇದೆ, ಉಗುರಿನಿಂದ ಗೀರಿದಷ್ಟು ಸಪೂರ. ಅಲ್ಲಿಂದ ಹೊರಟ ಕೊಳವೆ ಎರಡು ದೊಡ್ಡ ನಾಳಗಳ ಸಂದಿಯಲ್ಲಿ ನುಸುಳಿ ಎಡಕ್ಕೆ ಹೋಗಿದೆ. ಓಡುವಾಗ ಆ ದೊಡ್ಡ ನಾಳಗಳು ಉಬ್ಬುತ್ತವೆ. ಗುಂಡಿಗೆಗೆ ಅತಿ ಹೆಚ್ಚು ರಕ್ತ ಬೇಕಾದ ಹೊತ್ತಿಗೇ ನಡುವಿನ ಕೊಳವೆ ಹಿಸುಕಿಹೋಗುತ್ತದೆ.

"ಹುಟ್ಟಿನಿಂದಲೇ ಹೀಗೆ," ಎನ್ನುತ್ತಾರೆ ಡಾಕ್ಟರಮ್ಮ. "ಇಸಿಜಿಯಲ್ಲೂ ಸಾಮಾನ್ಯವಾಗಿ ಸಿಗಲ್ಲ. ಬಾಟಲಿ ಲ್ಯಾಬಿಗೆ ಹೋಗಲಿ, ಅದು ನಿಯಮ. ಆದರೆ ಕೋಚ್ ಪಾಪ ಗ್ಲೂಕೋಸ್ ನೀರು ಕೊಟ್ಟಿರ್ತಾನೆ ಅಷ್ಟೆ." ಠಾಣೆಗೆ ಫೋನ್ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೋಚ್‌ನನ್ನು ಮನೆಗೆ ಬಿಡುತ್ತಾರೆ. ಅಕ್ಕನ ನೋಟ್‌ಬುಕ್ಕಿನಲ್ಲಿ ಮೂವತ್ತೆರಡನೇ ಪುಟಕ್ಕೆ ಇಪ್ಪತ್ತೊಂದು ಎಂದು ಬೀಳುತ್ತದೆ.

ಸತ್ಯ ಸಿಕ್ಕರೆ ಸಮಾಧಾನ ಸಿಗುತ್ತದೆ ಎಂದು ನಂಬಿರುವವರು ಆ ಸಿಮೆಂಟ್ ಬೆಂಚಿನ ಹತ್ತಿರ ಒಮ್ಮೆ ನಿಲ್ಲಬೇಕು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಅಪ್ಪ ಕೇಳುತ್ತಾರೆ, "ಹುಟ್ಟಿದಾಗಿಂದ ಇತ್ತಾ? ಓಡಿದ್ದರಿಂದ ಹೋದನಾ?" ಆಮೇಲೆ, "ದಿನಾ ಎರಡು ಹೊತ್ತು ಓಟ. ಬೆಳಿಗ್ಗೆ ಏಳಲ್ಲ ಅಂತ ಹಟ ಮಾಡ್ತಿದ್ದ. ಹೊದಿಕೆ ಎಳೆದು ಮೈದಾನಕ್ಕೆ ಅಟ್ಟುತ್ತಿದ್ದವನು ನಾನು," ಎಂದು ಶೂ ಇದ್ದ ಚೀಲವನ್ನು ಎದೆಗೆ ಅವುಚಿಕೊಳ್ಳುತ್ತಾರೆ. ಅಕ್ಕ ಪಕ್ಕದಲ್ಲಿ ಕೂತು, "ಗೊತ್ತಿಲ್ಲದೆ ಆಗಿದ್ದು ಅಣ್ಣ. ಗೊತ್ತಿಲ್ಲದೆ ಆಗಿದ್ದಕ್ಕೆ ನಿಮ್ಮನ್ನ ನೀವು ತಿನ್ಕೋಬೇಡಿ," ಎನ್ನುತ್ತಾರೆ. ಗೊತ್ತಿಲ್ಲದೆ ಆಗಿದ್ದು ಎಂಬ ಮಾತನ್ನು ಎರಡು ಸಲ ಹೇಳುತ್ತಾರೆ, ಎರಡನೇ ಸಲ ದನಿ ಇಳಿದಿರುತ್ತದೆ.

ಆ ಎರಡು ಬೆರಳಿನ ಕಟ್ಟಳೆ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಅಕ್ಕ ಮೊದಲು ಮೇಜು ಒರೆಸಿ ಮುಗಿಸುತ್ತಾರೆ. ಕೈ ತೊಳೆಯುತ್ತಾರೆ. ಮೊಣಕೈಯವರೆಗೆ ಸೋಪು ಹಚ್ಚಿ ಇನ್ನೊಮ್ಮೆ ತೊಳೆಯುತ್ತಾರೆ. ಆಮೇಲೆ ಬಾಗಿಲ ಮೆಟ್ಟಿಲ ಮೇಲೆ ಕೂತು ಶುರು ಮಾಡುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಹದಿನಾರು ವರ್ಷದ ಹುಡುಗಿ ತಡವಾಯಿತೆಂದು ಶಾಲೆಯ ಮೆಟ್ಟಿಲು ಹತ್ತಿ ಓಡುತ್ತ ಮೂರನೇ ಮಹಡಿಯಲ್ಲಿ ಬಿದ್ದು ಸತ್ತಿದ್ದಳು. ಅಮ್ಮ ಮೊದಲೇ ತೀರಿಕೊಂಡಿದ್ದರು. ಅಪ್ಪ ಮತ್ತೆ ಮದುವೆಯಾಗಿ ಎರಡು ವರ್ಷವಾಗಿತ್ತು. ಬೆಳಿಗ್ಗೆ ಹುಡುಗಿ ಏನೂ ತಿನ್ನದೆ ಹೊರಟಾಗ ಚಿಕ್ಕಮ್ಮ ಬಾಗಿಲವರೆಗೆ ಬಂದು ಒಂದು ಲೋಟ ಹಾಲು ಕುಡಿಸಿ ಕಳಿಸಿದ್ದರು. ಬೀದಿಯವರು ನೋಡಿದ್ದರು. ಸಂಜೆಯಾಗುವುದರೊಳಗೆ ಆ ಹಾಲಿನಲ್ಲಿ ಏನಿತ್ತು ಎಂದು ಎಲ್ಲರಿಗೂ ಗೊತ್ತಾಗಿಹೋಗಿತ್ತು, ಯಾರೂ ಕುಡಿಯದಿದ್ದರೂ.

ಅವತ್ತು ಮೇಜಿಗೆ ನಾಲ್ಕು ಬಂದಿದ್ದವು. ಆಗಿನ ಡಾಕ್ಟರು ಕೋರ್ಟಿಗೆ ಹೋಗಿದ್ದರು. ತೆಗೆದಿಟ್ಟಿರು, ಬಂದು ನೋಡುತ್ತೇನೆ ಎಂದಿದ್ದರು. ಅಕ್ಕ ತೆಗೆದಿಟ್ಟರು. ದೊಡ್ಡ ನಾಳವನ್ನು ಬುಡಕ್ಕೆ ಹತ್ತಿಸಿ, ಓರೆಯಾಗಿ ಕತ್ತರಿಸಿದರು. ಹಿರಿಯ ಕೆಲಸಗಾರ ಕಲಿಸಿದ್ದೇ ಹಾಗೆ, ಟ್ರೇಯಲ್ಲಿ ಚೊಕ್ಕವಾಗಿ ಕೂರುತ್ತದೆ ಎಂದು. ಮನೆಯಲ್ಲಿ ಮಗಳಿಗೆ ಜ್ವರವಿತ್ತು. ಹೊರಗೆ ಜನ ಕೂಗಾಡುತ್ತಿದ್ದರು. ಡಾಕ್ಟರು ಬರುವ ಮುಂಚೆಯೇ ಹುಡುಗಿಯ ದೇಹವನ್ನು ಹೊಲಿದು ಮುಗಿಸಿದ್ದರು.

"ಡಾಕ್ಟರು ಬಂದು ಗುಂಡಿಗೆ ತಿರುಗಿಸಿ ತಿರುಗಿಸಿ ನೋಡಿದ್ರು. 'ಒಂದೇ ಬಾಯಿ ಕಾಣ್ತಿದೆಯಲ್ಲ, ಇನ್ನೊಂದು ಮೇಲಿನ ತುಂಡಿನ ಜೊತೆ ಹೋಯ್ತಾ? ಆ ತುಂಡು ಎಲ್ಲಿ?' ಅಂದ್ರು. ತುಂಡು ಎಲ್ಲಿತ್ತು ಅಂತ ನನಗೆ ಗೊತ್ತಿತ್ತು. ಮೈಯೊಳಗೇ ಇತ್ತು. ಹೊಲಿಗೆ ಬಿಚ್ಚಬೇಕು, ತೆಗೀಬೇಕು, ಮತ್ತೆ ಹೊಲೀಬೇಕು. ಅರ್ಧ ಗಂಟೆ ಕೆಲಸ. 'ಇಷ್ಟೇ ಇದ್ದಿದ್ದು ಸಾರ್' ಅಂದ್ಬಿಟ್ಟೆ."

ಡಾಕ್ಟರು ನಂಬಿದರು. ನಿಖರ ಕಾರಣ ತಿಳಿದುಬಂದಿಲ್ಲ ಎಂದು ಬರೆದರು. ಎರಡು ತಿಂಗಳಾದ ಮೇಲೆ ಲ್ಯಾಬಿನಿಂದ ವಿಷದ ಅಂಶ ಇಲ್ಲ ಎಂಬ ವರದಿಯೂ ಬಂತು. ಆದರೆ ವಿಷವಿಲ್ಲ ಎಂದ ಕಾಗದ ಮತ್ತೇನಿತ್ತು ಎಂದು ಹೇಳಲಿಲ್ಲ. ಆ ಖಾಲಿ ಜಾಗ ಬೀದಿಯ ಬಾಯಿಗೆ ಸಾಕಾಯಿತು. ಪತ್ತೆಯಾಗದಂಥದ್ದನ್ನು ಹಾಕಿದ್ದಾಳೆ ಎಂದರು. ಆ ಹೆಂಗಸಿಗೆ ಬೀದಿಯಲ್ಲಿ 'ಹಾಲು ಕೊಟ್ಟವಳು' ಎಂದೇ ಹೆಸರಾಯಿತು. ಗಂಡ ಒಂದು ದಿನವೂ ಬೈಯಲಿಲ್ಲ. ಆದರೆ ಆವತ್ತಿನಿಂದ ಅವಳ ಕೈಯಿಂದ ಒಂದು ಲೋಟ ನೀರು ಕುಡಿಯಲಿಲ್ಲ. ತಾವೇ ಬೇಯಿಸಿಕೊಂಡು ಉಣ್ಣುತ್ತಾರೆ, ಒಂದೇ ಮನೆಯಲ್ಲಿ, ಎರಡು ಒಲೆ.

ಪ್ರತಿವರ್ಷ ಆ ದಿನ ಚಿಕ್ಕಮ್ಮ ಶವಾಗಾರಕ್ಕೆ ಬರುತ್ತಿದ್ದರು. ಇದೇ ಬೆಂಚಿನ ಮೇಲೆ ಕೂತು, "ಏನಾದ್ರೂ ಗೊತ್ತಾಯ್ತಾ ಅಕ್ಕ?" ಎಂದು ಕೇಳುತ್ತಿದ್ದರು. ಬೇರೆ ಯಾವ ಬಾಗಿಲಿಗೆ ಹೋಗಿ ಕೇಳಬೇಕೆಂದು ಅವರಿಗೆ ತಿಳಿದಿರಲಿಲ್ಲ. ಅಕ್ಕ ಇಲ್ಲಮ್ಮ ಎಂದು ಹೇಳಿ, ಕ್ಯಾಂಟೀನಿನಿಂದ ಟೀ ತರಿಸಿಕೊಡುತ್ತಿದ್ದರು. ಮೊದಲ ಆರು ವರ್ಷ ಅದು ಬರಿಯ ಕನಿಕರ. ಆರನೇ ವರ್ಷ ಈಗಿನ ಡಾಕ್ಟರಮ್ಮ ಬಂದು, ಗುಂಡಿಗೆಯ ಬುಡ ಬಿಡಿಸಿ ಆ ಎರಡು ಬಾಯಿ ತೋರಿಸಿ, ಇವು ತಪ್ಪಿದ ಜಾಗದಲ್ಲಿದ್ದರೆ ಮಕ್ಕಳು ಓಡುವಾಗ ಸಾಯಬಹುದು ಎಂದು ವಿವರಿಸಿದರು. ಅಕ್ಕ ಕೈಯಲ್ಲಿದ್ದ ಟ್ರೇಯನ್ನು ಕೆಳಗಿಟ್ಟರು. ಕತ್ತರಿಸಿದ್ದು ಏನನ್ನು, ಇಲ್ಲ ಎಂದದ್ದು ಯಾವುದನ್ನು ಎಂದು ಗೊತ್ತಾದದ್ದು ಆಗ. ಆ ವಾರವೇ ಎರಡು ಬೆರಳಿನ ಕಟ್ಟಳೆ ಶುರುವಾಯಿತು, ನೋಟ್‌ಬುಕ್ಕೂ ಬಂತು. ಚಿಕ್ಕಮ್ಮನಿಗೆ ಮಾತ್ರ ಏನೂ ಹೇಳಲಿಲ್ಲ. ಟೀ ಕೊಡುವುದನ್ನು ಮುಂದುವರಿಸಿದರು, ಇನ್ನೂ ಹದಿಮೂರು ವರ್ಷ.

ನಾಲ್ಕು ತಿಂಗಳ ಹಿಂದೆ ಚಿಕ್ಕಮ್ಮ ಬಂದಾಗ ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇದು ತಾನು ಕೆಲಸದಲ್ಲಿರುವ ಕೊನೆಯ ವರ್ಷ ಎಂದು ಅಕ್ಕನಿಗೆ ನೆನಪಾಯಿತು. ಎಲ್ಲವನ್ನೂ ಹೇಳಿದರು. ಕತ್ತರಿಸಿದ್ದು, ಸುಳ್ಳಾಡಿದ್ದು, ಎರಡನ್ನೂ.

"ಹಾಗಾದ್ರೆ ಅವಳಿಗೂ ಹಾಗೇ ಇತ್ತಾ ಅಂದ್ರು. ಗೊತ್ತಿಲ್ಲಮ್ಮ, ಇದ್ದಿರಬಹುದು, ಇಲ್ಲದೇನೂ ಇರಬಹುದು, ಗೊತ್ತಾಗದ ಹಾಗೆ ಮಾಡಿದ್ದು ನಾನು ಅಂದೆ. ಅಳ್ತಾರೆ ಅಂದ್ಕೊಂಡೆ, ಹೊಡೀತಾರೆ ಅಂದ್ಕೊಂಡೆ. 'ಇದನ್ನ ಬರೆದು ಕೊಡ್ತೀರಾ? ಅವರಿಗೆ ತೋರಿಸ್ಬೇಕು' ಅಂದ್ರು. ಗಂಡನಿಗೆ. ಅಷ್ಟೇ ಕೇಳಿದ್ದು."

ಅಕ್ಕ ಹೆದರಿದರು. ಬರೆದುಕೊಟ್ಟರೆ ವಿಚಾರಣೆ, ಕೆಲಸ ಹೋಗಬಹುದು. ಆಗಲ್ಲಮ್ಮ ಎಂದರು. ಚಿಕ್ಕಮ್ಮ ಕೈಯಲ್ಲಿದ್ದ ಲೋಟವನ್ನು ನೋಡಿದರು. "ಇಷ್ಟು ವರ್ಷ ಟೀ ಕೊಟ್ಟಿದ್ದು ಅದಕ್ಕಾ?" ಎಂದು ಕೇಳಿ, ಅದನ್ನು ಬೆಂಚಿನ ಮೇಲಿಟ್ಟು ಎದ್ದು ಹೋದರು. "ಮೊದಲ ಆರು ವರ್ಷ ಅದಕ್ಕಲ್ಲ ಅಂತ ಹೇಳ್ಬೇಕು ಅನ್ನಿಸ್ತು ನೋಡಿ. ಎಂಥ ಬಾಯಿ ನನ್ನದು. ಹೇಳ್ಲಿಲ್ಲ ಸದ್ಯ," ಎನ್ನುತ್ತಾರೆ ಅಕ್ಕ. ಈಗ ಅವರು ಅಳುತ್ತಿದ್ದಾರೆ, ಮರೆಮಾಚುವುದಿಲ್ಲ.

ಇದನ್ನೆಲ್ಲ ಅಚ್ಚು ಹಾಕಿದರೆ ತೊಂದರೆಯಾಗಬಹುದು ಎಂದು ಡಾಕ್ಟರಮ್ಮ ಎಚ್ಚರಿಸಿದ್ದಾರೆ. ಹಾಗೆಯೇ, ಹಾಕಿಸಿ ಅಕ್ಕ ಎಂದೂ ಅಂದಿದ್ದಾರೆ. "ಇನ್ನು ಹದಿನೇಳು ದಿನ. ತೆಗೆದುಹಾಕೋದಾದ್ರೆ ಹಾಕಲಿ. ನನ್ನ ಕಡೆಯಿಂದ ಯಾರಿಗೂ ಸಮಾಧಾನ ಸಿಗಲ್ಲ ಅಂತ ಗೊತ್ತು. ಆ ಅಪ್ಪನ್ನ ನೋಡಿದ್ರಲ್ಲ," ಎನ್ನುತ್ತಾರೆ ಅಕ್ಕ. ಮನೆಯಲ್ಲಿ ಕೂತು ಏನು ಮಾಡುತ್ತೀರಿ ಎಂದರೆ ಮೊಮ್ಮಗಳಿಗೆ ತಲೆ ಬಾಚುತ್ತೇನೆ ಎನ್ನುತ್ತಾರೆ, ಮಗಳು ಒಪ್ಪಿದ್ದಾಳಂತೆ. ಆಮೇಲೆ ಚಿಕ್ಕಮ್ಮನ ಬೀದಿಯ ಹೆಸರು ಹೇಳಿ, "ಅಲ್ಲಿಗೆ ನಿಮ್ಮ ಪೇಪರ್ ಬರುತ್ತಲ್ವಾ? ಭಾನುವಾರದ್ದು?" ಎಂದು ಕೇಳುತ್ತಾರೆ. ಬರುತ್ತದೆ ಎಂದು ಖಾತರಿಪಡಿಸಿಕೊಂಡು ಏಪ್ರನ್ ಬಿಚ್ಚಿ ಮೊಳೆಗೆ ಹಾಕುತ್ತಾರೆ, ಮತ್ತೆ ಬಂದು ನೆಟ್ಟಗೆ ಕೂರುತ್ತಾರೆ.

"ಈಗ ಬರ್ಕೊಳ್ಳಿ. ನಿಧಾನಕ್ಕೆ ಹೇಳ್ತೀನಿ. ಹತ್ತೊಂಬತ್ತು ವರ್ಷದ ಹಿಂದೆ ಶಾಲೆ ಮೆಟ್ಟಿಲ ಮೇಲೆ ಬಿದ್ದು ಸತ್ತ ಹುಡುಗಿ ಯಾಕೆ ಸತ್ತಳು ಅನ್ನೋದಕ್ಕೆ ಅವಳ ಮೈಯಲ್ಲೇ ಉತ್ತರ ಇದ್ದಿರಬಹುದು. ಡಾಕ್ಟರು ಅದನ್ನ ಕೇಳಿದ್ರು. ಇಲ್ಲ ಅಂತ ಸುಳ್ಳು ಹೇಳಿದವಳು ನಾನು. ಅವತ್ತು ಬೆಳಿಗ್ಗೆ ಅವಳ ಚಿಕ್ಕಮ್ಮ ಕೊಟ್ಟಿದ್ದು ಬರೀ ಹಾಲು."